ಪೇಟ ಸುತ್ತಿದ ಈರುಳ್ಳಿ

ಮನೆಮನೆಯೂ ಈರುಳ್ಳಿ ಬೆಳೆಯುವ ಗಾಲ್ಮಿಯಲ್ಲಿ ಅದನ್ನು ದುಡ್ಡು ಕೊಟ್ಟು ಕೊಳ್ಳುವವರು ಮೂರೇ ಬಗೆ. ಗಡಿಯಾಚೆಯ ಅಬಿಜಾನ್‌ಗೆ ಸರಕು ಹೊರುವ ಲಾರಿಯವರು, ಹೆದ್ದಾರಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕೈ ಚಾಚುವ ದಾರಿಹೋಕರು, ಮತ್ತು ಮಾಲಂ ಸಹಾಬಿ.

ಸಹಾಬಿ ಈ ಊರಲ್ಲೇ ಹುಟ್ಟಿದವನು. ಆದರೆ ಮೀಸೆ ಮೂಡುವ ಮೊದಲೇ ರಾಜಧಾನಿ ನಿಯಾಮೆಗೆ ಹೋಗಿ, ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕೂತು, ತಲೆ ನರೆತ ಮೇಲೆ ಎದ್ದು ಬಂದಿದ್ದ; ಅಕ್ಷರ ಬಲ್ಲ ಹಿರಿಯರನ್ನು ಆ ಸೀಮೆ 'ಮಾಲಂ' ಎಂದೇ ಕರೆಯುತ್ತದೆ. ಮಣ್ಣಿನೊಡನೆ ಅವನಿಗಿದ್ದ ಪರಿಚಯವೆಂದರೆ ಷೂಸಿನ ಮೇಲೆ ಕೂರುವ ಧೂಳು. ಅವನ ಹೆಂಡತಿ ಬೀಬಾ ದೊಸ್ಸೋ ಕಡೆಯವಳು. ಅವಳಿಗೆ ಈರುಳ್ಳಿಯನ್ನು ಹೆಚ್ಚುವುದು ಗೊತ್ತಿತ್ತು, ಬೆಳೆಯುವುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವಳು ಒಪ್ಪಿಕೊಳ್ಳುತ್ತಿದ್ದಳು. ದಂಪತಿಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಊರಿಗೆ ಬಂದ ಹೊಸತರಲ್ಲಿ ಬೀಬಾ, "ಯಜಮಾನ್ರೇ, ಸಾರಿಗೆ ಈರುಳ್ಳಿ ಇಲ್ಲ" ಅಂದಳು. ಸಹಾಬಿ ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟು ಸಂತೆಗೆ ಹೋಗಿ, ತಬಾವಾ ಎಂಬ ಹೆಂಗಸಿನ ರಾಶಿಯ ಮುಂದೆ ನಿಂತು ಒಂದು ಬೋಗುಣಿ ಈರುಳ್ಳಿ ಕೇಳಿದ.

"ಯಾವ ಊರಾಯ್ತು ತಮ್ಮದು?" ತಬಾವಾ ವಿಚಾರಿಸಿದಳು.

"ಇದೇ ಊರು. ಹುಣಸೆಮರದ ಹಿಂದಿನ ಮನೆ. ನಮ್ಮಜ್ಜನ ಕಾಲದಿಂದಲೂ."

ತಬಾವಾಳ ಕೈ ರಾಶಿಯ ಮೇಲೇ ನಿಂತಿತು. ಅವಳು ಅಕ್ಕಪಕ್ಕ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು, "ಮನೇಲಿ ಏನಾದ್ರೂ ಆಯ್ತಾ ಮಾಲಂ?"

"ಏನೂ ಆಗಿಲ್ಲ. ಈರುಳ್ಳಿ ಮುಗಿದಿದೆ ಅಷ್ಟೆ."

"ಹೌದು ಹೌದು. ಹೇಳ್ಕೊಳ್ಳೋಕಾಗಲ್ಲ ಇಂಥದ್ದೆಲ್ಲ," ಎಂದು ಅವಳು ಬೋಗುಣಿಯನ್ನು ಶಿಖರ ಕಟ್ಟಿ ತುಂಬಿದಳು. ದುಡ್ಡು ಮಾತ್ರ ಮುಟ್ಟಲಿಲ್ಲ. "ಬೇಡ ಮಾಲಂ. ಕಷ್ಟ ಯಾರಿಗೆ ಬರಲ್ಲ."

ಸಂಜೆಯಾಗುವಷ್ಟರಲ್ಲಿ ಗೋಡೆಯ ಆಚೆಯಿಂದ ಎರಡು ಮನೆಯವರು ಬುಟ್ಟಿಯಲ್ಲಿ ಈರುಳ್ಳಿ ಕಳಿಸಿದರು. ಮೂರನೆಯವರು ಮಸೀದಿಯ ಇಮಾಮರಿಗೆ ಹೇಳಿ ಪ್ರಾರ್ಥನೆ ಮಾಡಿಸಿದರು.

ಆ ಪ್ರಾರ್ಥನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತ ಹಿರಿಯರ ನಡುವೆ ಸಹಾಬಿ ಗಂಟಲು ಸರಿಮಾಡಿಕೊಂಡ. "ಎಲ್ಲರೂ ಕೇಳಿಸ್ಕೊಳ್ಳಿ. ನನ್ನ ಸೊಸೆ ಬಸುರಿ. ಅವಳ ಮೊದಲ ಹೆರಿಗೆ ತವರಲ್ಲಾಯಿತು. ಈ ಮಗುವಿನ ನಾಮಕರಣ ನನ್ನ ಅಂಗಳದಲ್ಲೇ. ಅವತ್ತು ಊರಿಗೆಲ್ಲ ಊಟ. ಆ ಊಟದಲ್ಲಿ ಕೊಂಡ ಈರುಳ್ಳಿ ಒಂದೂ ಇರೋದಿಲ್ಲ. ನಾನು ಬಿತ್ತಿ ಎಬ್ಬಿಸಿದ ಸಸಿಯ ಈರುಳ್ಳಿಯೇ ಬೇಯೋದು."

"ಇದ್ರೆ?" ಎಂದಿತು ಮೂಲೆಯಿಂದ ಒಂದು ಕಂಠ.

ಅದು ಗಾಂಬೋ ಮೇಷ್ಟ್ರ ಕಂಠ. ನಿವೃತ್ತನಾದರೂ ಹಿಂದಿನ ಬೆಂಚಿನವರೆಗೆ ಮುಟ್ಟುವ ಕಂಠ. ಸಹಾಬಿಯ ಮನೆತನ ಕತ್ಸಿನಾದಿಂದ ಬಂದದ್ದು, ಗಾಂಬೋನದು ಗೋಬಿರ್‌ನಿಂದ. ಕತ್ಸಿನಾದವರಿಗೂ ಗೋಬಿರ್‌ನವರಿಗೂ ಇರುವುದು ಗೇಲಿಯ ನೆಂಟಸ್ತನ. ಒಬ್ಬ ಇನ್ನೊಬ್ಬನನ್ನು 'ನನ್ನ ಆಳು' ಎಂದು ಕರೆಯಬಹುದು, ಸಂತೆಯ ನಡುವೆ ಟೋಪಿ ಕಿತ್ತುಕೊಳ್ಳಬಹುದು, ಮನೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಬಹುದು. ಕಳೆದುಕೊಂಡವನು ಸಿಟ್ಟಾಗುವಂತಿಲ್ಲ; ಸಿಟ್ಟಾದರೆ ಅವನೇ ಆಳೆಂದು ಸಾಬೀತಾದಂತೆ. ಗೇಲಿನೆಂಟನ ಮಾತನ್ನು ನಂಬುವಂತೆಯೂ ಇಲ್ಲ. ನಂಬಿದವನನ್ನು ನೋಡಿ ನಗುವುದಕ್ಕೇ ಊರು ಇರುವುದು.

"ಇದ್ರೆ," ಎಂದ ಸಹಾಬಿ, ಬಾಯಿಗೆ ಬಂದದ್ದನ್ನು ತಡೆಯಲಾರದೆ, "ಕತ್ಸಿನಾದವರು ಗೋಬಿರ್‌ನವರ ಆಳುಗಳು ಅಂತ ಒಪ್ಕೊಂಡು, ನಾಮಕರಣದ ತಾಂಬೂಲದ ಕೋಲಾ ಕಾಯಿನ ನಿನ್ನ ಹೆಸರಲ್ಲೇ ಮನೆಮನೆಗೆ ಹಂಚ್ತೀನಿ."

ಮೂರು ತಲೆಮಾರಿನಿಂದ ಎರಡು ಮನೆತನದವರೂ ತಾವೇ ಆಳುಗಳು ಎಂಬ ಈ ಒಂದು ಮಾತನ್ನು ಮಾತ್ರ ಬಾಯಿ ಬಿಟ್ಟು ಹೇಳಿರಲಿಲ್ಲ. ಗಾಂಬೋ ಮೆಲ್ಲಗೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ನಮ್ಮಜ್ಜ ಬದುಕಿರಬೇಕಿತ್ತು," ಅಂದ.

ಸಹಾಬಿ ಕೆಲಸಕ್ಕೆ ಇಳಿದ. ಊರಿನವರು ಇನ್ನೂ ಸಜ್ಜೆ ಹೊಲದಲ್ಲಿ ಕಳೆ ಕೀಳುತ್ತಿರುವಾಗಲೇ ಅವನು ಅಂಗಳದಲ್ಲಿ ಸಸಿಮಡಿ ಮಾಡಿ ಬೀಜ ಚೆಲ್ಲಿದ. ಕಚೇರಿಗೆ ಎಲ್ಲರಿಗಿಂತ ಮೊದಲು ಬಂದವನನ್ನು ಯಾರೂ ಬೈದದ್ದನ್ನು ಅವನು ನೋಡಿರಲಿಲ್ಲ. ಬೆಳಿಗ್ಗೆ ಸಂಜೆ ಬಾವಿಯಿಂದ ನೀರು ಸೇದಿ ಹನಿಸಿದ. ಮೇಕೆ ಒಳಗೆ ಬರದಂತೆ ಸಜ್ಜೆದಂಟಿನ ಬೇಲಿ ಕಟ್ಟಿದ. ಮೇಕೆ ಬಂದಾಗ ಬೇಲಿಯನ್ನೇ ತಿಂದಿತು. ಸಸಿ ಎದ್ದಿತು. ನಾಟಿಗೆ ಹದವಾಯಿತು. ಸಹಾಬಿ ನೆಡಲಿಲ್ಲ. ಇನ್ನೂ ದಪ್ಪವಾಗಲಿ ಅಂದ. ಊರಿನವರು ಆಮೇಲೆ ಬಿತ್ತಿ, ಆಮೇಲೆ ಎಬ್ಬಿಸಿ, ನೆಡಲು ಶುರುಮಾಡಿದರು. ಸಹಾಬಿಯ ಸಸಿಗಳು ಅಷ್ಟರಲ್ಲಿ ಹೆಬ್ಬೆರಳಿಗೆ ಸವಾಲು ಹಾಕುವ ಗಾತ್ರವಾಗಿದ್ದವು.

ಒಂದು ಮುಂಜಾನೆ ಅವನು ಸಸಿಗಳನ್ನೆಲ್ಲ ಕಿತ್ತು, ನೌಕರಿಗೆ ಆಳು ಆರಿಸುವ ಸಾಹೇಬನಂತೆ ಎರಡು ಗುಂಪು ಮಾಡಿದ. ದಪ್ಪನೆಯವು ಬಲಕ್ಕೆ. ಅಂಚಿನ ನೆರಳಿನಲ್ಲಿ ಬೆಳೆದು ಕಡ್ಡಿಯಂತಾಗಿದ್ದವು ಎಡಕ್ಕೆ. ಎಡಗಡೆಯ ರಾಶಿಯನ್ನು ಗೋಡೆಯಾಚೆ ಎಸೆಯಲು ಎತ್ತಿದಾಗ, ಗೋಡೆಯ ಮೇಲೆ ಮಗ್ಗುಲ ಮನೆಯ ಗಾಂಬೋನ ಮುಖ ಮೂಡಿತ್ತು.

"ಲೋ ನನ್ನ ಆಳೇ, ಎಸೀಬೇಡ. ಟೋಪಿಗೆ ಹಾಕು."

"ತಗೋ. ಬಡವರಿಗೆ ಬಡಸಸಿಯೇ ಸರಿ."

ಗಾಂಬೋ ಟೋಪಿ ತುಂಬಿಸಿಕೊಂಡ. ಆಮೇಲೆ ಬಲಗಡೆಯ ರಾಶಿಯನ್ನು ನೋಡಿ ತಲೆಯಾಡಿಸಿದ. "ಇಷ್ಟು ದಪ್ಪನೆಯದನ್ನ ನೆಡ್ತಾರೇನೋ? ಚಳಿಗಾಳಿ ಬೀಸಿದ ತಕ್ಷಣ ಇವು ತಾವು ಮುದಿಯಾದ್ವು ಅಂದ್ಕೊಂಡು ಹೂ ಬಿಡ್ತವೆ. ಗೆಡ್ಡೆ ಕಟ್ಟಲ್ಲ. ಸಣ್ಣದನ್ನ ನೆಡು."

ಸಹಾಬಿ ಮನಸಾರೆ ನಕ್ಕ. ದಪ್ಪ ಸಸಿ ಬಿಟ್ಟು ಸಣ್ಣದನ್ನು ನೆಡಬೇಕಂತೆ. ಗೋಬಿರ್‌ನವನ ತಲೆಗೆ ಮಾತ್ರ ಹೊಳೆಯಬಹುದಾದ ತಮಾಷೆ. ಬೀಬಾಳನ್ನು ಕರೆದು ಅವಳಿಗೂ ಹೇಳಿದ. ಅವಳು ನಗಲಿಲ್ಲ. "ನಿಜ ಇದ್ದರೆ?" ಅಂದಳು.

"ಗಾಂಬೋ ಹೇಳಿದ್ದಾನೆ. ಅಂದ ಮೇಲೆ ನಿಜ ಹೇಗಾಗುತ್ತೆ?"

ಮರುಭೂಮಿಯ ಕಡೆಯಿಂದ ಧೂಳಿನ ಗಾಳಿ ಎದ್ದಿತು. ಬೆಳಗಿನ ಜಾವ ಬಾವಿಯ ಹಗ್ಗ ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಸಹಾಬಿ ಕಚೇರಿಯ ಹಳೇ ಕೋಟನ್ನು ನಿಲುವಂಗಿಯ ಮೇಲೆ ಹಾಕಿಕೊಂಡು ನೀರು ಹನಿಸುತ್ತಿದ್ದಾಗ, ಒಂದು ಗಿಡದ ನಡುವಿನಿಂದ ನೆಟ್ಟಗೆ ಒಂದು ದಂಟು ಎದ್ದಿರುವುದು ಕಂಡಿತು. ತುದಿಯಲ್ಲಿ ತೆಳುಬಟ್ಟೆಯಲ್ಲಿ ಸುತ್ತಿದಂತೆ ಒಂದು ಮೊಗ್ಗು. ವಾರ ಕಳೆಯುವಷ್ಟರಲ್ಲಿ ಮಡಿಯ ತುಂಬ ದಂಟುಗಳು. ಬಟ್ಟೆ ಬಿರಿದು ಬಿಳಿಯ ಉಂಡೆಗಳಾದವು, ದರ್ಬಾರಿಗೆ ಹೊರಟ ಸರದಾರರ ಪೇಟಗಳಂತೆ.

ಸಹಾಬಿ ಅಂಗಳದ ಬಾಗಿಲನ್ನು ಹಗಲಿಡೀ ತೆರೆದಿಟ್ಟ. ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದ. "ಬೇರೆಯವರ ಈರುಳ್ಳಿ ತಲೆ ತಗ್ಗಿಸ್ಕೊಂಡು ಮಣ್ಣಲ್ಲಿ ಕೂತಿದೆ. ನನ್ನವು ನೋಡಿ, ಪೇಟ ಸುತ್ತಿಕೊಂಡು ನಿಂತಿವೆ."

ಹುಟ್ಟಿದಂದಿನಿಂದ ಈರುಳ್ಳಿಯ ನಡುವೆ ಬೆಳೆದ ಜನ ಅವರು. ಒಂದೇ ನೋಟಕ್ಕೆ ಎಲ್ಲರಿಗೂ ಗೊತ್ತಾಯಿತು. ಆದರೆ ಬಿಳಿಗಡ್ಡದ ಹಿರಿಯನೊಬ್ಬ ತನ್ನ ಅಂಗಳದಲ್ಲಿ ನಿಂತು ಹೆಮ್ಮೆಪಡುತ್ತಿರುವಾಗ, 'ಅಯ್ಯಾ, ನಿನ್ನ ಬೆಳೆ ಹಾಳಾಗಿದೆ' ಎಂದು ಮುಖಕ್ಕೆ ಹೇಳುವ ನಾಚಿಕೆಗೇಡಿ ಆ ಸೀಮೆಯಲ್ಲಿ ಹುಟ್ಟಿಲ್ಲ. ಒಬ್ಬ, "ದೇವರು ದೊಡ್ಡವನು," ಅಂದ. ಇನ್ನೊಬ್ಬ ಆಕಾಶ ನೋಡಿದ. ತಬಾವಾ ಮಾತ್ರ ಬಹಳ ಹೊತ್ತು ನಿಂತು, "ಮಾಲಂ, ತಾಳ್ಮೆ ದೊಡ್ಡದು," ಎಂದು ಕಣ್ಣೊರೆಸಿಕೊಂಡು ಹೋದಳು. ಎಲ್ಲವನ್ನೂ ಸಹಾಬಿ ಹೊಗಳಿಕೆಯ ಖಾತೆಗೆ ಜಮಾ ಮಾಡಿಕೊಂಡ.

ಹೀಗಾಗಿ ಇಡೀ ಗಾಲ್ಮಿಯಲ್ಲಿ ನಿಜ ಹೇಳುವ ಹಕ್ಕಿದ್ದವನು ಒಬ್ಬನೇ. ಅವನು ಅದನ್ನು ಗೋಡೆಯ ಮೇಲಿಂದ ದಿನಕ್ಕೆರಡು ಸಲ ಚಲಾಯಿಸುತ್ತಿದ್ದ.

"ಆಳೇ, ಈಗಲೇ ಕಿತ್ತು ಬೇಯಿಸ್ಕೋ. ಒಳಗೆ ಕೋಲು ಬೆಳೀತಾ ಇದೆ. ಇನ್ನು ಸ್ವಲ್ಪ ದಿನ ಹೋದ್ರೆ ಅದರಲ್ಲಿ ಹಲ್ಲುಜ್ಜಬಹುದು."

"ಉರ್ಕೋ, ಉರ್ಕೋ."

"ನಾನ್ಯಾಕೆ ಉರ್ಕೊಳ್ಳಲಿ? ನೀನು ಕೊಟ್ಟ ಬಡಸಸಿಗಳು ನನ್ನ ಹಿತ್ತಲಲ್ಲಿ ಮುಷ್ಟಿ ಗಾತ್ರ ಕಟ್ಟಿವೆ. ಬಂದು ನೋಡು."

ಇದಂತೂ ಇನ್ನೂ ದೊಡ್ಡ ತಮಾಷೆ. ಸಹಾಬಿ ನೋಡಲು ಹೋಗಲಿಲ್ಲ. ಹೋಗಿದ್ದರೆ ನಂಬಿದಂತೆ, ನಂಬಿದರೆ ಊರು ನಗುತ್ತಿತ್ತು. ಆದರೂ ಒಮ್ಮೆ ಮನಸ್ಸು ತಡೆಯದೆ, "ತಮಾಷೆ ಬಿಟ್ಟು, ಆಣೆ ಮಾಡಿ ಹೇಳು," ಅಂದ.

ಗಾಂಬೋ ಎದೆಯ ಮೇಲೆ ಕೈಯಿಟ್ಟ. "ಆಣೆ."

ಸಹಾಬಿಗೆ ನೆಮ್ಮದಿಯಾಯಿತು. ಗೇಲಿನೆಂಟ ಆಣೆ ಮಾಡಿದ್ದಾನೆಂದರೆ ಸುಳ್ಳೆಂಬುದರಲ್ಲಿ ಇನ್ನು ಅನುಮಾನವಿಲ್ಲ.

ಅದೇ ವಾರ ಕೃಷಿ ಇಲಾಖೆಯ ಲವಾಲಿ ಎಂಬ ತರುಣ ಮೋಟಾರುಬೈಕಿನಲ್ಲಿ ಆ ಬೀದಿಗೆ ಬಂದವನು, ತೆರೆದ ಬಾಗಿಲಿನಿಂದ ಕಂಡ ಬಿಳುಪಿಗೆ ಬ್ರೇಕು ಹಾಕಿದ. "ಬಾಬಾ, ಬೀಜದ ಮಡಿಯಾ? ಒಂದೂ ತಪ್ಪದೆ ಹೂ ಬಂದಿದೆಯಲ್ಲ. ಊರಲ್ಲಿ ಒಳ್ಳೇ ಬೀಜ ಸಿಗದೆ ಎಲ್ಲರೂ ಒದ್ದಾಡ್ತಿದ್ದಾರೆ."

ಬೀಜ. ಸಹಾಬಿಗೆ ಈವರೆಗೆ ಹೊಳೆಯದ ಪದ. ಅವನು ಕೋಟಿನ ಗುಂಡಿ ಹಾಕಿಕೊಂಡ. "ಬೀಜದ ಉದ್ದೇಶವೇ," ಅಂದ. "ಊರಿಗೆ ಏನಾದರೂ ಮಾಡಬೇಕು ಅಂತಿತ್ತು."

ಲವಾಲಿ ಮೂರು ದಿನ ಬಿಟ್ಟು ತನ್ನ ಮೇಲಧಿಕಾರಿಯನ್ನೂ ಸುತ್ತಲ ಊರುಗಳ ನಾಲ್ಕಾರು ದೊಡ್ಡ ಬೆಳೆಗಾರರನ್ನೂ ಜೀಪಿನಲ್ಲಿ ಕರೆತಂದ. ಬೀಬಾ ಎಲ್ಲರಿಗೂ ಮಜ್ಜಿಗೆಯಲ್ಲಿ ಕಲಸಿದ ಸಜ್ಜೆ ಹಿಟ್ಟು ಕೊಟ್ಟಳು. ಜೇನುಹುಳಗಳು ಬಟ್ಟಲಿನ ಸುತ್ತ ಹಾಡಿದವು. ಸಹಾಬಿ ಮಡಿಯ ಅಂಚಿನಲ್ಲಿ ನಿಂತು ಭಾಷಣ ಮಾಡಿದ. ಈರುಳ್ಳಿಯನ್ನು ಗದರಿಸಬಾರದು, ಮರ್ಯಾದೆ ಕೊಟ್ಟು ಬೆಳೆಸಬೇಕು. ಮರ್ಯಾದೆ ಕೊಟ್ಟರೆ ಅದು ತಾನಾಗಿ ತಲೆಯೆತ್ತುತ್ತದೆ. ಅಧಿಕಾರಿ ತಲೆದೂಗಿದರು. "ತಾಯಿಗೆಡ್ಡೆ ಯಾವುದು ಹಾಕಿದ್ರಿ ಮಾಲಂ? ಹೋದ ವರ್ಷದ್ದೋ?"

"ಗೆಡ್ಡೆ ಯಾಕೆ?" ಎಂದ ಸಹಾಬಿ. "ಈ ವರ್ಷ ಬಿತ್ತಿದ ಸಸಿ. ಆರಿಸಿ ಆರಿಸಿ, ದಪ್ಪನೆಯದು."

ಬೆಳೆಗಾರರೆಲ್ಲ ತಂತಮ್ಮ ಚಪ್ಪಲಿಗಳನ್ನು ಮೊದಲ ಬಾರಿಗೆಂಬಂತೆ ಪರೀಕ್ಷಿಸಿದರು. ಅಧಿಕಾರಿ ಬಟ್ಟಲಿನ ತಳದಲ್ಲಿ ಏನನ್ನೋ ಹುಡುಕಿದರು. ಕೊನೆಗೆ ಎಲ್ಲರಿಗಿಂತ ಹಿರಿಯ ಬೆಳೆಗಾರ, "ಹೂವು ಮಾತ್ರ ಬಹಳ ಬಿಳುಪು," ಎಂದು ಸಭೆಯನ್ನು ಮುಗಿಸಿದ.

ಜೀಪು ಹೊರಡುವ ಮುಂಚೆ ಬೀಬಾ ಲವಾಲಿಯನ್ನು ಬಾಗಿಲ ಮರೆಗೆ ಕರೆದಳು. "ನೋಡಪ್ಪಾ, ನಾನು ದೊಸ್ಸೋದವಳು. ನಿಮ್ಮೂರಿನ ದಾಕ್ಷಿಣ್ಯ ನನಗೆ ಹತ್ತಲ್ಲ. ಏನಾಗಿದೆ ಹೇಳು."

ಲವಾಲಿ ನೆಲ ನೋಡುತ್ತ ಹೇಳಿದ. ಈರುಳ್ಳಿಯ ಲೆಕ್ಕ ಎರಡು ವರ್ಷದ್ದು. ಒಂದು ವರ್ಷ ಗೆಡ್ಡೆ, ಚಳಿ ಕಳೆದ ಮೇಲೆ ಇನ್ನೊಂದು ವರ್ಷ ಹೂವು. ಸಸಿ ಸಣ್ಣದಿದ್ದಾಗ ಚಳಿ ಬಂದರೆ ಅದಕ್ಕೆ ತಟ್ಟುವುದಿಲ್ಲ. ದಪ್ಪವಾದ ಮೇಲೆ ಬಂದರೆ ಒಂದು ವರ್ಷ ಮುಗಿಯಿತೆಂದು ತಿಳಿದು ಹೂದಂಟು ಎಬ್ಬಿಸುತ್ತದೆ. ಆಮೇಲೆ ಗೆಡ್ಡೆಗೆ ಏನೂ ಉಳಿಯುವುದಿಲ್ಲ. "ಈ ಬೀಜವನ್ನೂ ಬಿತ್ತಬಾರದು ಅಮ್ಮಾ. ಆತುರದವರ ಮಕ್ಕಳೂ ಆತುರದವರೇ ಆಗ್ತಾರೆ."

ಬೀಬಾ ಒಳಗೆ ಬಂದು ಒಂದು ಗಿಡ ಕಿತ್ತು, ಗಂಡನ ಮುಂದೆ ಹಲಗೆಯ ಮೇಲಿಟ್ಟು ಸೀಳಿದಳು. ಹೊರಗೆ ಎರಡು ಪದರ. ಒಳಗೆ ಗಟ್ಟಿಯಾದ ಬಿಳೀ ಕೋಲು. ಚಾಕು ಅದಕ್ಕೆ ತಾಗಿ ಜಾರಿತು.

"ಗಾಂಬೋ ಹೇಳಿದ್ದೂ ಇದನ್ನೇ," ಅಂದಳು.

"ಅವನು ತಮಾಷೆಗೆ ಹೇಳಿದ್ದು."

"ಹೇಳಿದ್ದು ನಿಜ ತಾನೆ?"

"ನಿಜವನ್ನ ತಮಾಷೆಗೆ ಹೇಳಿದ್ರೆ ಅದು ತಮಾಷೆಯೇ. ನಂಬದೇ ಇದ್ದದ್ದು ನನ್ನ ತಪ್ಪಲ್ಲ, ಧರ್ಮ."

ಆದರೂ ಮರುದಿನ ಬೆಳಿಗ್ಗೆ ಅವನು ಬಾಗಿಲು ಹಾಕಿಕೊಂಡು ಸರದಾರರ ಪೇಟಗಳನ್ನೆಲ್ಲ ಕತ್ತರಿಯಿಂದ ತೆಗೆದ. ಒಂದನ್ನು ಮಾತ್ರ, ಎಲ್ಲಕ್ಕಿಂತ ಎತ್ತರದ್ದನ್ನು, ಕತ್ತರಿಸಲು ಮನಸ್ಸು ಬಾರದೆ ಬಿಟ್ಟ. "ಪೇಟ ತೆಗೆದ್ರೆ ಹೊಟ್ಟೇಲಿರೋ ಕೋಲು ಕರಗುತ್ತೇನೋ?" ಎಂದಿತು ಗೋಡೆ. ಸಹಾಬಿ ಕತ್ತರಿಯನ್ನು ಕೋಟಿನ ಜೇಬಿಗೆ ಇಳಿಸಿದ. ಕೋಲು ಕರಗಲಿಲ್ಲ.

ಸೊಸೆ ಬರಾತು ಗಂಡು ಹೆತ್ತಳು. ಏಳನೆಯ ದಿನ ನಾಮಕರಣ. ಮಗ ಮುತಾರಿ ಟಗರು ತಂದು ಕಟ್ಟಿದ. ಅಕ್ಕಿ ಬಂತು, ಎಣ್ಣೆ ಬಂತು, ದೊಸ್ಸೋದಿಂದ ಬೀಬಾಳ ತಂಗಿಯರು ದೊಡ್ಡ ಕಡಾಯಿಗಳ ಸಮೇತ ಬಂದು ಇಳಿದರು. ಹಿಂದಿನ ದಿನ ಮಧ್ಯಾಹ್ನ ಸಹಾಬಿ ಮಡಿಯನ್ನೆಲ್ಲ ಕಿತ್ತ. ಒಂದು ಬುಟ್ಟಿಯೂ ತುಂಬಲಿಲ್ಲ. ತಂಗಿಯರಲ್ಲಿ ಒಬ್ಬಳು ಒಂದನ್ನು ಎತ್ತಿ ನೋಡಿ, "ಭಾವ, ಇದು ಸೌದೆಗಾ?" ಅಂದಳು.

ಹೊರಗೆ ಹೆದ್ದಾರಿಯ ಬದಿಯಲ್ಲಿ ಈರುಳ್ಳಿ ಗುಡ್ಡ ಗುಡ್ಡ ಬಿದ್ದಿತ್ತು. ಲಾರಿಗಳು ಹೊರಲಾರದೆ ಹೊರುತ್ತಿದ್ದವು. ಒಂದು ಚೀಲ ತಂದರೆ ಊಟ ನಡೆಯುತ್ತದೆ. ತಂದರೆ ಕತ್ಸಿನಾ ಮುಗಿಯುತ್ತದೆ. ಮುತಾರಿ, "ಅಪ್ಪಾ, ಯಾರಿಗೂ ಕಾಣದ ಹಾಗೆ ಹಾಸಿಗೆಯಲ್ಲಿ ಸುತ್ತಿ ತರ್ತೀನಿ," ಅಂದ. ಗಾಲ್ಮಿಯಲ್ಲಿ ಈರುಳ್ಳಿ ಕೊಂಡದ್ದನ್ನು ಬಚ್ಚಿಡುವುದು, ಮಸೀದಿಯಲ್ಲಿ ಕೆಮ್ಮಿದ್ದನ್ನು ಬಚ್ಚಿಟ್ಟಂತೆ. ಸಹಾಬಿ ಬೇಡವೆಂದು ಕೈಯಾಡಿಸಿ, ಕಿತ್ತ ಮಡಿಯ ಅಂಚಿನಲ್ಲಿ ಕೂತ.

ಆಗ ಗಾಂಬೋ ಬಾಗಿಲಿನಿಂದ ಒಳಗೆ ಬಂದ. ಅಪ್ಪಣೆ ಕೇಳಲಿಲ್ಲ, ಗೇಲಿನೆಂಟ ಕೇಳುವುದಿಲ್ಲ. ನೇರವಾಗಿ ಟಗರಿನ ಬಳಿ ಹೋಗಿ ಅದರ ಕೊಂಬಿಗೆ ತನ್ನ ಕೈವಸ್ತ್ರ ಕಟ್ಟಿದ. "ಈ ತಲೆ ನಂದು. ನಾಳೆ ಕುಯ್ದ ಮೇಲೆ ಬಂದು ತಗೊಂಡು ಹೋಗ್ತೀನಿ. ನನ್ನ ಆಳಿನ ಮನೇಲಿ ನಾನು ಯಾರನ್ನ ಕೇಳಬೇಕು?"

ಸಹಾಬಿ ಆ ಕೈವಸ್ತ್ರವನ್ನು ನೋಡಿದ. ನೋಡುತ್ತಲೇ ಇದ್ದ. ಹೂವಿನ ಬಗ್ಗೆ ಗಾಂಬೋ ಹೇಳಿದ್ದು ತಮಾಷೆಯಾಗಿರಲಿಲ್ಲ. ಹಾಗಿದ್ದರೆ ಹಿತ್ತಲಿನ ಬಗ್ಗೆ ಹೇಳಿದ್ದು? ಸಹಾಬಿ ಎದ್ದುನಿಂತು ಕೋಟಿನ ಗುಂಡಿ ಹಾಕಿಕೊಂಡ.

"ಬೀಬಾ, ನಿನ್ನ ತಂಗಿಯರನ್ನ ಕರಿ. ಇರೋ ಬುಟ್ಟಿಯೆಲ್ಲ ತಗೊಳ್ಳಿ."

"ಎಲ್ಲಿಗೆ?"

"ನನ್ನ ಆಳಿನ ಮನೆಗೆ."

ಮೆರವಣಿಗೆ ಬೀದಿಗೆ ಬಂತು. ಮುಂದೆ ಕೋಟು ತೊಟ್ಟ ಸಹಾಬಿ, ಹಿಂದೆ ಬುಟ್ಟಿ ಹೊತ್ತ ದೊಸ್ಸೋದ ಹೆಂಗಸರು, ಅವರ ಹಿಂದೆ ಏನೆಂದು ತಿಳಿಯದ ಮೇಕೆ. ಗಾಂಬೋಗೆ ವಿಷಯ ಹೊಳೆಯುವಷ್ಟರಲ್ಲಿ ಅವರು ಅವನ ಹಿತ್ತಲು ಸೇರಿಯಾಗಿತ್ತು. ಮಡಿಯ ತುಂಬ ಎಲೆ ಬಾಗಿ ಮಲಗಿತ್ತು. ಮಣ್ಣನ್ನು ಸೀಳಿಕೊಂಡು ನೇರಳೆ ಬಣ್ಣದ ಭುಜಗಳು ಹೊರಬಂದಿದ್ದವು. ಮುಷ್ಟಿ ಗಾತ್ರ. ಆಣೆ ಮಾಡಿ ಹೇಳಿದ್ದಷ್ಟೇ ಗಾತ್ರ.

"ಕಳ್ಳರು," ಎಂದು ಕೂಗಿದ ಗಾಂಬೋ. "ನಮ್ಮೂರಲ್ಲಿ ಹಾಡಹಗಲೇ ಕಳ್ಳರು. ಯಾರಾದ್ರೂ ಹಿಡೀರಿ."

ಬೀದಿಯವರೆಲ್ಲ ಬಂದರು. ಕತ್ಸಿನಾದವನು ಗೋಬಿರ್‌ನವನ ಹಿತ್ತಲು ದೋಚುತ್ತಿದ್ದಾನೆಂದು ತಿಳಿದ ಮೇಲೆ ಯಾರು ಯಾಕೆ ಹಿಡಿಯುತ್ತಾರೆ? ಇಬ್ಬರು ಕೀಳಲು ಕೈ ಜೋಡಿಸಿದರು. ತಬಾವಾ ಗೆಡ್ಡೆಯ ಮಣ್ಣು ಕೊಡವಿ ಬುಟ್ಟಿಗೆ ಹಾಕುತ್ತ, "ಪಾಪ, ಕೊನೆಗೂ ಆ ಮನೆಗೆ ಒಳ್ಳೇದಾಯ್ತು," ಅಂದಳು.

ಸಿಟ್ಟಾಗುವಂತಿರಲಿಲ್ಲವಾದ್ದರಿಂದ ಗಾಂಬೋ ನ್ಯಾಯ ಹಿಡಿದ. "ಬೇವಿನ ಮರದ ಕೆಳಗೆ ಏನಂದಿದ್ದೆ? ನೀನು ಬೆಳೆದ ಈರುಳ್ಳಿ ಅಂದಿದ್ದೆ."

"ಬೆಳೆದ ಅನ್ನಲಿಲ್ಲ," ಎಂದ ಸಹಾಬಿ. ಬದುಕಿಡೀ ಬೇರೆಯವರ ಮಾತನ್ನು ಅಕ್ಷರ ತಪ್ಪದೆ ಅಚ್ಚು ಮಾಡಿದವನ ನೆನಪು ಅದು. "ಕೊಂಡ ಈರುಳ್ಳಿ ಇರೋದಿಲ್ಲ ಅಂದೆ. ಇದನ್ನ ಕೊಂಡಿಲ್ಲ, ಎಲ್ಲರೂ ನೋಡ್ತಿದ್ದಾರೆ. ನಾನು ಬಿತ್ತಿ ಎಬ್ಬಿಸಿದ ಸಸಿ ಅಂದೆ. ಈ ಸಸಿ ಯಾರದು ಮೇಷ್ಟ್ರೇ? ಯಾರ ಅಂಗಳದಿಂದ ನಿನ್ನ ಟೋಪಿಗೆ ಬಿತ್ತು?"

ಗಾಂಬೋ ತಲೆಯ ಮೇಲಿದ್ದ ಟೋಪಿ ತೆಗೆದು ಬೆನ್ನ ಹಿಂದೆ ಅಡಗಿಸಿದ.

"ನಡುವೆ ನೀರು ಹಾಕಿದ್ದು ನೀನು, ಒಪ್ತೀನಿ," ಎಂದು ಸಹಾಬಿ ಉದಾರವಾಗಿ ಮುಗಿಸಿದ. "ಯಜಮಾನನ ಬೆಳೆಗೆ ನೀರು ಹಾಕೋನನ್ನ ಏನಂತಾರೆ ಅಂತ ಊರಿನವರೇ ಹೇಳಲಿ."

ಊರಿನವರು ಹೇಳಿದರು. ಒಕ್ಕೊರಲಿನಿಂದ, ಎರಡು ಸಲ.

ಮರುದಿನ ಇಮಾಮರು ಮಗುವಿಗೆ ಹೆಸರಿಟ್ಟರು. ಕೋಲಾ ಕಾಯಿಯನ್ನು ಮುತಾರಿ ಹಂಚಿದ, ಕತ್ಸಿನಾದ ಹೆಸರಿನಲ್ಲೇ. ಕಡಾಯಿಯಲ್ಲಿ ನೇರಳೆ ಈರುಳ್ಳಿ ಎಣ್ಣೆಯಲ್ಲಿ ಕೆಂಪಾಗುವ ವಾಸನೆ ಹೆದ್ದಾರಿಯವರೆಗೆ ಹೋಗಿ, ನಿಂತ ಬಸ್ಸಿನಿಂದ ಇಬ್ಬರು ಅಪರಿಚಿತರು ಇಳಿದು ಬಂದು ಊಟಕ್ಕೆ ಕೂತರು. ಲವಾಲಿ ಎರಡು ಸಲ ಬಡಿಸಿಕೊಂಡ. ಸಹಾಬಿ ಪಂಕ್ತಿಯಿಂದ ಪಂಕ್ತಿಗೆ ಓಡಾಡುತ್ತ, "ನಮ್ಮದೇ ಸಸಿ, ನಮ್ಮದೇ ಸಸಿ," ಎನ್ನುತ್ತಿದ್ದ. ಅವನ ಕೋಟಿನ ಗುಂಡಿಗಳು ಹಾಕಿದಲ್ಲಿ ನಿಲ್ಲುತ್ತಿರಲಿಲ್ಲ.

ಊಟ ಮುಗಿದ ಮೇಲೆ ಗಾಂಬೋ ತನ್ನ ಹಕ್ಕಿನ ತಲೆಗೆ ಬಂದ. ಸಹಾಬಿ ತಾನೇ ತಟ್ಟೆಯಲ್ಲಿ ತಂದುಕೊಟ್ಟ. ಟಗರಿನ ಎರಡು ಕೊಂಬಿನ ನಡುವೆ, ಕೊನೆಗೆ ಉಳಿಸಿಕೊಂಡಿದ್ದ ಆ ಬಿಳಿಯ ಹೂವನ್ನು ಪೇಟದ ಹಾಗೆ ಸಿಕ್ಕಿಸಿದ್ದ.

"ತಗೋ. ಸರದಾರರ ತಲೆ."

ಗಾಂಬೋ ಹೂವನ್ನು ನೋಡಿದ, ತಲೆಯನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಇಬ್ಬರೂ ಬಾಗಿಲವರೆಗೆ ಜೊತೆಯಾಗಿ ನಡೆದರು. ಹೊಸಿಲಲ್ಲಿ ಸಹಾಬಿ ದನಿ ತಗ್ಗಿಸಿದ.

"ಮುಂದಿನ ವರ್ಷ ಯಾವ ಸಸಿ ನೆಡಲಿ? ನಿಜ ಹೇಳು."

ಗಾಂಬೋ ಕಣ್ಣೆವೆ ಇಕ್ಕಲಿಲ್ಲ. ಎದೆಯ ಮೇಲೆ ಕೈಯಿಟ್ಟು, "ದಪ್ಪನೆಯದನ್ನೇ ನೆಡು. ಸಣ್ಣದನ್ನ ನನಗೆ ಕೊಡು. ಆಣೆ," ಎಂದು ತಟ್ಟೆ ಹೊತ್ತು ಹೊರಟ.

ಸಹಾಬಿ ಹೊಸಿಲಲ್ಲೇ ನಿಂತು ಅವನು ಹೋಗುವುದನ್ನು ನೋಡಿದ. ಈ ಸಲ ಗಾಂಬೋ ಸುಳ್ಳು ಹೇಳಿದ್ದ, ಮತ್ತು ಅದು ಸಹಾಬಿಗೆ ತಾನಾಗಿಯೇ ಗೊತ್ತಾಗಿತ್ತು. ಗಾಲ್ಮಿಯಲ್ಲಿ ಈರುಳ್ಳಿ ಬೆಳೆಯುವವನಿಗೆ ಇರಬೇಕಾದ ತಿಳಿವಳಿಕೆ ಕೊನೆಗೂ ಬಂತೆಂಬ ಹೆಮ್ಮೆಯಲ್ಲಿ ಅವನು ಒಳಗೆ ತಿರುಗಿದ. ಮೇಕೆ ಮಡಿಯಲ್ಲಿ ನಿಂತು ಉಳಿದ ಕೋಲುಗಳನ್ನು ಅಗಿಯುತ್ತಿತ್ತು. ಸಹಾಬಿ ಅದನ್ನು ಗದರಿಸಲಿಲ್ಲ.